ಬೇಕಾದ ಮುಖ ತೆಗೆಯುವ ಅಂಗಡಿ

ಬೈಲಹೊಂಗಲದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಮೊಬೈಲ್ ಬಂದ ಮೇಲೂ ಯಾರು ಬರುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ಬರುತ್ತಾರೆ. ಇರುವ ಮುಖವನ್ನು ಮೊಬೈಲೂ ತೆಗೆಯುತ್ತದೆ. ಬೇಕಾದ ಮುಖಕ್ಕೆ ನನ್ನ ಹತ್ತಿರವೇ ಬರಬೇಕು. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

೧. ತಲೆತುಂಬ ಕೂದಲು

ಹೆಣ್ಣಿನ ಕಡೆಯವರಿಗೆ ಕಳಿಸಲು ಫೋಟೋ ಬೇಕೆಂದು ನೇಸರಗಿಯ ಹುಡುಗನೊಬ್ಬ ಬಂದ. ವಯಸ್ಸು ಚಿಕ್ಕದು, ತಲೆ ಮಾತ್ರ ಆಗಲೇ ಖಾಲಿ.

"ಅಣ್ಣಾರ, ಮ್ಯಾಲ ನಾಕು ಕೂದಲ ಹಾಕ್ರಿ," ಎಂದ.

ನನ್ನದು ಧಾರಾಳ ಕೈ. ಕಂಪ್ಯೂಟರಿನಲ್ಲಿ ತಲೆತುಂಬ ಹಾಕಿಕೊಟ್ಟೆ. ರಾಮದುರ್ಗದ ಹೆಣ್ಣಿನವರು ಫೋಟೋ ಮೆಚ್ಚಿ ಮನೆಗೇ ಬಂದರು. ಬಾಗಿಲಲ್ಲಿ ನಿಂತು ಬರಮಾಡಿಕೊಂಡ ಈ ಹುಡುಗನಿಗೆ ಹೆಣ್ಣಿನ ತಮ್ಮ ಕೈಮುಗಿದು ಕೇಳಿದನಂತೆ:

"ಕಾಕಾರ, ಹುಡುಗನ್ನ ಕರೀತೀರೇನ್ರಿ?"

೨. ನಗಬೇಕಂತ

ಕಿತ್ತೂರಿನ ದೊಡ್ಡ ಮನೆತನವೊಂದರ ಗ್ರೂಪ್ ಫೋಟೋ. ನಡುವೆ ಯಜಮಾನರು, ಹಿಂದೆ ಮಕ್ಕಳು, ಸೊಸೆಯಂದಿರು. "ಎಲ್ಲಾರೂ ಸ್ವಲ್ಪ ನಗ್ರಿ," ಎಂದೆ. ಯಜಮಾನರು ಹಿಂದೆ ತಿರುಗಿ, "ನಗಬೇಕಂತ, ಕೇಳಸಲಿಲ್ಲೇನು?" ಎಂದು ಗದರಿದರು. ಅಷ್ಟು ಹೊತ್ತು ನಗುತ್ತಿದ್ದ ಕಿರಿಸೊಸೆಯೂ ಬಾಯಿ ಮುಚ್ಚಿಕೊಂಡಳು.

೩. ಅಜ್ಜಿಯ ಬಾಜೂಕ

ತಾವು ಹೋದ ಮೇಲೆ ಹಾರ ಹಾಕುವ ಫೋಟೋವನ್ನು ಹಿರಿಯರು ತಾವೇ ಬಂದು ತೆಗೆಸಿಡುವುದುಂಟು. ಮುನವಳ್ಳಿಯ ಅಜ್ಜಿಯೊಬ್ಬಳು ಹಾಗೆ ಬಂದಳು. ಕಂಕುಳಲ್ಲಿ ಕಟ್ಟು ಹಾಕಿಸಿದ ಗಂಡನ ಫೋಟೋ. ಅವರು ತುಂಬು ಪ್ರಾಯದಲ್ಲೇ ತೀರಿಕೊಂಡವರು. ಕರೀ ಮೀಸೆ, ಓರೆ ಬೈತಲೆ. ಅಜ್ಜಿಗೋ ಎಂಬತ್ತು ದಾಟಿತ್ತು.

"ನಾಳೆ ನನ್ನ ಫೋಟೋ ಇವರ ಬಾಜೂಕ ಹಾಕತಾರ. ನೋಡಿದವರು ನನ್ನ ಇವರ ಅವ್ವ ಅಂದಾರ್ರಿ! ನನ್ನ ಸ್ವಲ್ಪ ಪ್ರಾಯದಾಕಿ ಮಾಡ್ರಿ."

ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಸುಕ್ಕು ಅಳಿಸಿದೆ, ಕೂದಲು ಕಪ್ಪು ಮಾಡಿದೆ. ಅಜ್ಜಿ ಚಷ್ಮಾ ಏರಿಸಿ ನೋಡಿದಳು. ಹುಬ್ಬು ಗಂಟಿಕ್ಕಿದಳು.

"ಯಾರಿಕಿ?"

"ನೀವ ಅದೀರಿ, ಆಯಿ!"

"ನಾ ಎಲ್ಲಿ ಹಿಂಗಿದ್ದೆ? ಈ ಚೆಲುವಿನ್ನ ನನ್ನ ಗಂಡನ ಬಾಜೂಕ ಹಾಕಾಕ ನಾ ಬಿಡಂಗಿಲ್ರಿ!"

ನಾನು ಸುಸ್ತು. ಕೊನೆಗೆ ಅವಳೇ ದಾರಿ ತೋರಿಸಿದಳು: "ನನ್ನ ಇದ್ದಂಗ ಬಿಡ್ರಿ. ಅವರಿಗೇ ವಯಸ್ಸಾದಂಗ ಮಾಡ್ರಿ."

ಮೀಸೆ ನರೆಸಿದೆ, ಕೆನ್ನೆಗೆ ಗೆರೆ ಎಳೆದೆ. ನೇಸರಗಿಯ ಹುಡುಗನಿಗೆ ಕೊಟ್ಟ ಕೂದಲನ್ನೆಲ್ಲ ಇವರ ತಲೆಯಿಂದ ಕಿತ್ತುಕೊಂಡೆ. ತನ್ನ ಗಂಡ ಮುದುಕನಾದದ್ದನ್ನು ಅಜ್ಜಿ ಮೊದಲ ಸಲ ನೋಡಿದಳು. ನರೆತ ಮೀಸೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು.

"ಅಯ್ಯ ಶಿವನ! ಆ ಮೀಸಿ ತಿರುವಿಕೋತ ಎಷ್ಟ ಮೆರೀತಿದ್ರು! ಈಗ ಬಂದ್ರು ನೋಡ್ರಿ ದಾರಿಗೆ!"