ಕಾಕಾನ ಹಳೆಯ ಕ್ಯಾಲೆಂಡರ್

ನಮ್ಮ ಕಾಕಾನ ಮನೆಯಲ್ಲಿ ಒಂದೇ ವರ್ಷ ಒಂಬತ್ತು ವರ್ಷ ನಡೆಯಿತು ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ಖರೆ!

ಕಾಕಾ ಗೋಕಾಕದ ಕಡೆ ಪೈಪು ತಯಾರಿಸುವ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ತೊಂಬತ್ತರ ದಶಕದಲ್ಲಿ ಬೇರೆ ಸರ್ಕಾರಿ ಕಂಪನಿಗಳವರ ಪಗಾರ ಪರಿಷ್ಕರಣೆಯಾಯಿತು, ಇವರದು ಆಗಲಿಲ್ಲ. ಕಂಪನಿ ನಷ್ಟದಲ್ಲಿದೆ, ಹಳೆಯ ಪಗಾರವೇ ಮುಂದುವರಿಯುತ್ತದೆ ಎಂದು ಮ್ಯಾನೇಜರು ನೋಟಿಸ್ ಹಚ್ಚಿದರು. ಕಾಕಾ ಮನೆಗೆ ಬಂದು ಗೋಡೆಯ ಕ್ಯಾಲೆಂಡರಿಗೆ ಇನ್ನೊಂದು ಮೊಳೆ ಬಡಿದ.

"ಪಗಾರ ಹಳೇದಂದ್ರ ಇದೂ ಹಳೇದ. ಅವರು ಬದಲ ಮಾಡೂತನಕ ನಾನೂ ಮಾಡಂಗಿಲ್ಲ."

ಇಪ್ಪತ್ತೊಂದು ಜನರನ್ನು ಕೂಡಿಸಿ ಕೋರ್ಟಿಗೂ ಹೋದ. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಫಜೀತಿ! ಮರುವರ್ಷ ನಾಗರಪಂಚಮಿಯ ಉಂಡಿ ತಿನ್ನಲು ಮೂಡಲಗಿಯ ನಮ್ಮ ಮನೆಗೆ ಬಂದ, ಹನ್ನೊಂದು ದಿನ ತಡವಾಗಿ. ಜೋಕಾಲಿ ಯಾಕೆ ಬಿಚ್ಚಿದಿರಿ ಎಂದು ನಮ್ಮನ್ನೇ ಬೈದ. ಡಬ್ಬಿಯ ತಳದ ಪುಡಿ ತಿಂದು ಹೋದ. ಅಧಿಕ ಮಾಸ ಬಂದ ವರ್ಷವಂತೂ ಹಬ್ಬಕ್ಕೆ ಮೊದಲೇ ಹಾಜರಾಗಿ, ಇನ್ನೂ ಶೇಂಗಾ ಹುರಿದಿಲ್ಲವೆಂದು ಅವ್ವನಿಗೆ ಸೋಮಾರಿ ಅಂದ. ಡ್ಯೂಟಿಗೆ ಮಾತ್ರ ಒಂದು ದಿನ ತಪ್ಪಲಿಲ್ಲ. ಕಾರ್ಖಾನೆಯ ಭೋಂಗಾ ಕ್ಯಾಲೆಂಡರ್ ನೋಡಿ ಕೂಗುತ್ತದೆಯೇ?

"ಕಾಕಾ, ನಿನ್ನ ಲೆಕ್ಕದಾಗ ನೀ ರಿಟೈರ್ ಆಗಂಗಿಲ್ಲ ಬಿಡು" ಎಂದು ನಾನು ಕಾಡುತ್ತಿದ್ದೆ. ಕಂಪನಿ ಅವನ ಕ್ಯಾಲೆಂಡರನ್ನು ಒಪ್ಪಲಿಲ್ಲ. ಹಾರ ಹಾಕಿ ಕಳಿಸಿಬಿಟ್ಟಿತು. ಕೇಸು ಮಾತ್ರ ನಡೆದೇ ಇತ್ತು.

ಒಂಬತ್ತನೆಯ ವರ್ಷ ಗೆದ್ದರು! ಹೊಸ ಕ್ಯಾಲೆಂಡರ್ ಹಿಡಿದು ಓಡಿದೆ. ಕಾಕಾ ಹಳೆಯದನ್ನು ಇಳಿಸಿ ತಿರುಗಿಸಿದ. ಹಿಂಬದಿಯಲ್ಲಿ ಕೋರ್ಟಿಗೆ ಹೋದ ಇಪ್ಪತ್ತೊಂದು ಜನರ ಹೆಸರುಗಳಿದ್ದವು. ಅವರಲ್ಲಿ ನಾಲ್ವರು ತೀರಿಹೋಗಿದ್ದರು. ಮೊದಲು ಅವರ ಮನೆಗಳಿಗೇ ಹೋಗಬೇಕೆಂದು ನನ್ನನ್ನೂ ಹುಕ್ಕೇರಿ ಕಡೆಯ ಬಸ್ಸು ಹತ್ತಿಸಿದ.

ಕಣಗಲಾದಲ್ಲಿ ಬಾಗಿಲು ತೆರೆದವಳು ಆ ನಾಲ್ವರಲ್ಲೊಬ್ಬನ ಹೆಂಡತಿ. ಆ ಮುದುಕಿಗೆ ಕೋರ್ಟು, ಪರಿಷ್ಕರಣೆ ಒಂದೂ ತಿಳಿಯಲಿಲ್ಲ. ಮಗ ತಂದೆಯ ಬಗ್ಗೆ ಆಡುತ್ತಿದ್ದ ಮಾತೊಂದೇ ಆಕೆಗೆ ಗೊತ್ತಿತ್ತು: ಅಪ್ಪ ದುಡಿದದ್ದು ಮುಳುಗಿದ ಕಂಪನಿಯಲ್ಲಿ, ದಂಡಕ್ಕೆ ದುಡಿದ.

ಕಾಕಾ ಟೊಪ್ಪಿಗೆ ತೆಗೆದ. "ಕಂಪನಿ ನಷ್ಟದಾಗ ಇತ್ತವ್ವಾ. ನಿನ್ನ ಗಂಡನ ದುಡಿಮಿ ನಷ್ಟದ್ದಲ್ಲ. ಹಂಗಂತ ಕೋರ್ಟ್ ಹೇಳೇತಿ."

ಆಕೆ ಒಳಗೆ ತಿರುಗಿ ಮಗನನ್ನು ಕರೆದಳು.

"ಇನ್ನೊಮ್ಮಿ ಹೇಳ್ರಿ, ಇವನೂ ಕೇಳಲಿ."

ಒಂಬತ್ತು ವರ್ಷ ನಕ್ಕಿದ್ದ ನಾನು ಬದಿಗೆ ಸರಿದು ಅವನಿಗೆ ದಾರಿ ಬಿಟ್ಟೆ. ಕಾಕಾ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮೊದಲಿನಿಂದ ಹೇಳಿದ.