ಬಾನಿನ ಬಣ್ಣದ ಚಕ್ಕೆಗೂ ಕುಂದೂರಿನ ಒಂಟಿಸಲಗಕ್ಕೂ ಸಂಬಂಧಿಸಿದಂತೆ

ಬಾಹ್ಯಾಕಾಶದಲ್ಲಿ ಖಾಯಂ ಸಂಚಾರದಲ್ಲಿರುವ ಬಣ್ಣದ ಚಕ್ಕೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ಯಾವುದೋ ಹಳೆಯ ರಾಕೆಟ್ಟಿನ ಮೈಗೆ ಬಳಿದ ಬಣ್ಣದಿಂದ ಉದುರಿ, ಯಾರ ಹಂಗೂ ಇಲ್ಲದೆ ಭೂಮಿಯನ್ನು ಸುತ್ತುತ್ತಿರುವ ತಮಗೆ, ಕುಂದೂರು ಹೋಬಳಿಯ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಯೋಗಾನಂದನ ಸಾಷ್ಟಾಂಗ ನಮಸ್ಕಾರಗಳು. ತಾವು ಕುಶಲವೆಂದು ನಂಬಿದ್ದೇನೆ; ನಮ್ಮ ಕಡೆಯ ಕುಶಲವನ್ನು ತಾವೇ ಕೆಡಿಸಿರುವುದರಿಂದ ಅದನ್ನು ಬೇರೆ ತಿಳಿಸಬೇಕಾಗಿಲ್ಲ.

ತಮ್ಮ ಗಾತ್ರ ಸಾಸಿವೆ ಕಾಳಿನಷ್ಟು, ವೇಗ ಸೆಕೆಂಡಿಗೆ ಹತ್ತು ಕಿಲೋಮೀಟರ್ ಎಂದು ಉಪಗ್ರಹ ಕಂಪನಿಯ ಇಂಜಿನಿಯರ್ ಶೈಸ್ತಾ ಮೇಡಂ ಫೋನಿನಲ್ಲಿ ವಿವರಿಸಿದರು. ಆಲೂರಿನಿಂದ ಸಕಲೇಶಪುರಕ್ಕೆ ತಮಗೆ ಮೂರು ಸೆಕೆಂಡು ಸಾಕು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಮಾತು ತಮ್ಮನ್ನು ನೋಡಿಯೇ ಹುಟ್ಟಿರಬೇಕು. ಅಷ್ಟು ವಿಶಾಲವಾದ ಆಕಾಶದಲ್ಲಿ, ನಮ್ಮ ಕಾಡಾನೆ ಎಲ್ಲಿದೆಯೆಂದು ಹೇಳುವ ರೇಡಿಯೋ ಕೊರಳಪಟ್ಟಿಯ ಸುದ್ದಿಯನ್ನು ನಮ್ಮ ಫೋನಿಗೆ ಮುಟ್ಟಿಸುವ ಆ ಒಂದೇ ಉಪಗ್ರಹವನ್ನು ಹುಡುಕಿ, ಅದರ ಬ್ಯಾಟರಿ ಪೆಟ್ಟಿಗೆಗೆ ತೂತು ಕೊರೆದದ್ದು ಸಾಮಾನ್ಯ ಶ್ರದ್ಧೆಯಲ್ಲ.

ತಮಗೆ ತಿಳಿಯದ ಪದ್ಧತಿಯೊಂದು ನಮ್ಮಲ್ಲಿದೆ. ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ನಾನು ಗೇಟಿನಲ್ಲಿ ನಿಂತು ಫೋನು ನೋಡುತ್ತೇನೆ. ಆನೆ ಹತ್ತಿರವಿದೆಯೆಂಬ ಮೆಸೇಜಿದ್ದರೆ ಆಳುಗಳನ್ನು ತಡೆಯುತ್ತೇನೆ, ಇಲ್ಲದಿದ್ದರೆ ಗೇಟು ತೆಗೆಯುತ್ತೇನೆ. ಕಳೆದ ಮಂಗಳವಾರ ಮೆಸೇಜ್ ಬರಲಿಲ್ಲ. ತೆಗೆದೆ. ಮೊದಲು ಒಳಹೋದ ಪಾರ್ವತಮ್ಮನವರಿಗೆ ಮೂರನೇ ಸಾಲಿನಲ್ಲೇ ಒಂಟಿಸಲಗ ಎದುರಾಯಿತು. ಓಡಿ, ಬಸಿಗಾಲುವೆಗೆ ಬಿದ್ದು, ಬಲಗೈ ಮುರಿದುಕೊಂಡರು, ಜೀವವೊಂದು ಉಳಿಯಿತು.

ಆಸ್ಪತ್ರೆಯಲ್ಲಿ ಅವರು ನನ್ನನ್ನು ಬೈಯಲಿಲ್ಲ. “ರೈಟ್ರೇ, ಫೋನು ಸುಮ್ಕಿದ್ರೆ ಆನೇನೂ ಸುಮ್ಕಿರ್ತೈತಾ?” ಎಂದಷ್ಟೇ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಆದ್ದರಿಂದ ವಿನಂತಿ. ಆನೇಮಹಲ್ ಬಳಿ ರಸ್ತೆಯ ಹಂಪು ಕಂಡರೆ ಲಾರಿಗಳೂ ನಿಧಾನವಾಗುತ್ತವೆ; ತಾವೂ ಉಪಗ್ರಹ ಕಂಡಾಗ ತುಸು ಬ್ರೇಕ್ ಹಾಕಬೇಕು. ಆಗದಿದ್ದರೆ ಮುನ್ನಾದಿನ ಲಿಖಿತ ನೋಟಿಸು ಕೊಡಬೇಕು. ಅದೂ ಆಗದಿದ್ದರೆ, ದಯವಿಟ್ಟು ಕವಚವಿರುವ ಕಡೆಗೇ ಹೊಡೆಯಬೇಕು. ಶೈಸ್ತಾ ಮೇಡಂ ಹೇಳುವಂತೆ, ಉಪಗ್ರಹದ ಗೋಡೆಗಿಂತ ಒಂದು ಗೇಣು ಮುಂದೆ ಕವಚವಾಗಿ ತೆಳು ತಗಡೊಂದನ್ನು ಕಟ್ಟಿದರೆ, ತಾವು ಅದಕ್ಕೆ ಬಡಿದೇ ಪುಡಿಯಾಗಿ ಹರಡಿ, ಗೋಡೆ ಮುಟ್ಟುವಷ್ಟರಲ್ಲಿ ಜೋರು ಕಳೆದುಕೊಳ್ಳುತ್ತೀರಂತೆ. ತಗಡು ಹಾಳಾದರೂ ಒಳಗಿನದು ಉಳಿಯುತ್ತದಂತೆ. ಭಾರ ಹೆಚ್ಚುತ್ತದೆಂದು ಬ್ಯಾಟರಿಯ ಕಡೆಗೆ ಮಾತ್ರ ಅದನ್ನು ಕಟ್ಟಿರಲಿಲ್ಲ. ತಾವು ಸರಿಯಾಗಿ ಅಲ್ಲಿಗೇ ದಯಮಾಡಿಸಿದಿರಿ.

ಇಂತು, ತಮ್ಮ ಮುಂದಿನ ಸುತ್ತಿಗೆ ಹೆದರುತ್ತಿರುವ
ತಮ್ಮ ವಿಶ್ವಾಸಿ,
ಯೋಗಾನಂದ

ತಾ.ಕ.: ಈಗ ಬೆಳಿಗ್ಗೆ ಫೋನನ್ನು ಜೇಬಿಗಿಟ್ಟು, ಹಳೆಯ ತಗಡೊಂದನ್ನು ಬಡಿಯುತ್ತ, ಆಳುಗಳಿಗಿಂತ ಇಪ್ಪತ್ತು ಮಾರು ಮುಂದೆ ನಾನೇ ನಡೆಯುತ್ತೇನೆ. ಭಾರವೆಂದು ಕವಚ ಬಿಡುವ ಪದ್ಧತಿ ನಮ್ಮ ಎಸ್ಟೇಟಿನಲ್ಲಿ ನಿಂತಿದೆಯೆಂದು ಶೈಸ್ತಾ ಮೇಡಂ ಅವರಿಗೂ ತಿಳಿಸಿದ್ದೇನೆ. ನನ್ನ ತೂಕ ಎಪ್ಪತ್ತೆಂಟು ಕಿಲೋ.