ಮಾವನ ಸುಕ್ಕಾಗದ ಮುಂಡು

"ಇನ್ನು ಈ ಮನೆಯಲ್ಲಿ ಯಾರ ಬಟ್ಟೆಯೂ ಸುಕ್ಕಾಗುದಿಲ್ಲ!" ಎಂದು ಊಟಕ್ಕೆ ಕೂತಲ್ಲೇ ಘೋಷಿಸಿದಾಗ ನನ್ನ ದನಿಯಲ್ಲಿ ಮಹಾರಾಣಿಯ ಗತ್ತಿತ್ತು. ಯಾಕಿರಬಾರದು? ಪುತ್ತೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು ನಾನು! ನಾದಿನಿ ಸುಪ್ರಿತಾಳ ಮದುವೆ ಮಾತುಕತೆಗೆ ಅಜ್ಜಾವರದಿಂದ ಗಂಡಿನ ಕಡೆಯವರು ನರಿಮೊಗರಿನ ನಮ್ಮ ಮನೆಗೆ ಬರುವವರಿದ್ದರು. ಮಾವ ಸಂಕಪ್ಪ ಗೌಡರ ಬಿಳಿ ಹತ್ತಿ ಮುಂಡೋ, ಉಟ್ಟ ಸ್ವಲ್ಪ ಹೊತ್ತಿಗೇ ಹಿಂಡಿ ಬಿಸಾಡಿದ ಹಾಗೆ ಆಗುತ್ತಿತ್ತು.

"ಹತ್ತಿಯ ಎಳೆಯೊಳಗೆ ಸೆಲ್ಯುಲೋಸಿನ ಸರಪಳಿ ಉಂಟು. ಅದು ಜಾರಿದರೆ ಸುಕ್ಕು. ಪಾಲಿಮರ್ ಆಮ್ಲದಲ್ಲಿ ಅದ್ದಿ ಕಾಯಿಸಿದ್ರೆ ಸರಪಳಿಯಿಂದ ಸರಪಳಿಗೆ ಸೇತುವೆ ಬೀಳ್ತದೆ. ಮತ್ತೆ ಜಾರುದು ಎಲ್ಲಿಗೆ?" ಎಂದು ಪಾಠ ಮಾಡಿದೆ.

"ಮಾರಾಯ್ತಿ, ಮೊದಲು ನೆಲ ಒರೆಸುವ ಬಟ್ಟೆಗೆ ಮಾಡಿ ನೋಡು" ಎಂದರು ಗಂಡ ಶೈಲೇಶ್.

"ವಿಜ್ಞಾನಕ್ಕೆ ನೆಲ ಒರೆಸುವ ಬಟ್ಟೆಯಾ? ಎಂತ ಮಾತಾಡುದು ನೀವು!"

ಸೇತುವೆ ಗಟ್ಟಿಯಾಗಲೆಂದು ಆಮ್ಲವನ್ನು ತುಸು ಧಾರಾಳವಾಗಿಯೇ ಸುರಿದೆ. ಮುಂಡನ್ನು ಅದರಲ್ಲಿ ಅದ್ದಿ, ಇಸ್ತ್ರಿಪೆಟ್ಟಿಗೆಯ ಬಿಸಿಯನ್ನು ಕೊನೆಯವರೆಗೆ ತಿರುಗಿಸಿ ಒತ್ತಿದೆ. ಉಳಿದ ದ್ರಾವಣಕ್ಕೆ ನನ್ನ ಕರವಸ್ತ್ರವನ್ನೂ ಸೇರಿಸಿ ಅದಕ್ಕೂ ಹಾಗೇ ಇಸ್ತ್ರಿ ಹಾಕಿದೆ. ಮುಂಡು ಹಲಗೆಯ ಹಾಗೆ ನೆಟ್ಟಗೆ ನಿಂತಿತು. ಮಾವ ಅದನ್ನು ಉಟ್ಟು ಕನ್ನಡಿ ನೋಡಿ, "ನನಗೇ ಮದುವೆಯಾ ಅಂತ ಕಾಣ್ತದೆ ಮಗಾ!" ಎಂದರು. ನಾನು ಉಬ್ಬಿಹೋದೆ.

ನೆಂಟರು ಬಂದು ಚಾವಡಿಯಲ್ಲಿ ಕೂತರು. ಮಾವ ಬಾಗಿಲಲ್ಲೇ ನಿಂತು ಎಲ್ಲರಿಗೂ ಕೈ ಮುಗಿದರು. ನಾನು ಬೆವರು ಒರೆಸಲು ಕರವಸ್ತ್ರ ತೆಗೆದೆ. ಅದು ಹಪ್ಪಳದಂತೆ ಎರಡು ತುಂಡಾಯಿತು!

ಆಗ ತಲೆಗೆ ಹೊಳೆಯಿತು. ಆಮ್ಲವೂ ಬಿಸಿಯೂ ಸೇರಿ ಸರಪಳಿಗಳನ್ನೇ ಕಡಿದು ಹಾಕಿದ್ದವು. ಸೇತುವೆಗಳೆಲ್ಲ ಭದ್ರ, ರಸ್ತೆಯೇ ಇಲ್ಲ! ಅಷ್ಟರಲ್ಲಿ ಮಾವ ಕುರ್ಚಿಯತ್ತ ಬಗ್ಗುತ್ತಿದ್ದರು.

"ಮಾವಾ, ಕೂತ್ಕೊಳ್ಬೇಡಿ!"

ಎಲ್ಲರೂ ನನ್ನತ್ತ ತಿರುಗಿದರು. "ಅದು... ಬೆನ್ನುನೋವಲ್ವಾ ನಿಮಗೆ? ಒಮ್ಮೆ ಒಳಗೆ ಬನ್ನಿ."

"ನಂಗಾ? ಯಾವಾಗಿಂದ?" ಮಾವನಿಗೆ ಆಶ್ಚರ್ಯ. "ಮನೆಗೆ ಬಂದವರನ್ನು ಬಿಟ್ಟು ಒಳಗೆ ಬರುದಾ?"

ನನ್ನ ಮಾತು ಮೀರಲೂ ಆಗದೆ ಅವರು ನಿಂತೇ ಇದ್ದರು. ಮನೆಯ ಯಜಮಾನ ನಿಂತಿರುವಾಗ ಕೂರುವುದು ಹೇಗೆಂದು ಹುಡುಗನ ತಂದೆಯೂ ಎದ್ದರು. ಅವರು ಎದ್ದರೆಂದು ತಾಯಿ ಎದ್ದರು. ಹುಡುಗ ಅವಿನ್ ಶರಬತ್ತಿನ ಲೋಟ ಹಿಡಿದುಕೊಂಡೇ ಎದ್ದ. ಬಸ್ಸಿಗೆ ಕಾಯುವವರಂತೆ ಎಲ್ಲರೂ ನಿಂತರು!

ಶೈಲೇಶ್ ನನ್ನ ಪಕ್ಕ ಬಂದು ಪಿಸುಗುಟ್ಟಿದರು, "ಎಂತ ಮಾಡಿದ್ದು ನೀನು?"

ನಾನು ಕರವಸ್ತ್ರದ ತುಂಡು ತೋರಿಸಿದೆ. ಅವರ ಮುಖ ಮುಂಡಿಗಿಂತ ಬೆಳ್ಳಗಾಯಿತು.

ಹುಡುಗನ ತಂದೆಯ ಮುಖ ಮಾತ್ರ ಕೆಂಪಾಯಿತು. "ಸಂಕಪ್ಪಣ್ಣ, ಸಂಬಂಧ ಇಷ್ಟ ಇಲ್ಲದಿದ್ರೆ ಬಾಯಿಬಿಟ್ಟು ಹೇಳಿ. ಹೀಗೆ ನಿಲ್ಲಿಸಿ ಕಳಿಸುದು ಎಂತಕ್ಕೆ?"

ಒಳಗಿನ ಬಾಗಿಲಲ್ಲಿ ಸುಪ್ರಿತಾಳ ಕಣ್ಣು ತುಂಬಿತು. ಅವಳು ಒಪ್ಪಿ ಆಸೆಪಟ್ಟ ಸಂಬಂಧ ಅದು. ಹೇಳಿಬಿಡೋಣವೆಂದು ಬಾಯಿ ತೆರೆದೆ. ಮಾವ ನನಗಿಂತ ಚುರುಕು!

"ಇಷ್ಟ ಇಲ್ಲದೆ ಉಂಟಾ? ಇಗೋ, ಕೂತೆ!"

ಪರ್ರ್ರ್!

ಸೊಂಟದಿಂದ ಮೊಣಕಾಲಿನವರೆಗೆ ಮುಂಡು ಎರಡು ಹೋಳಾಯಿತು. ಒಳಗಿನ ಪಟ್ಟೆಪಟ್ಟೆ ಚಡ್ಡಿ ಸಭೆಗೆ ದರ್ಶನ ಕೊಟ್ಟಿತು. ಶೈಲೇಶ್ ಟೀಪಾಯಿಯ ಮೇಲಿನ ಹೊದಿಕೆ ಎಳೆದು ಅಪ್ಪನ ತೊಡೆಗೆ ಹೊದಿಸಿದರು. ಅದರ ಮೇಲಿಟ್ಟಿದ್ದ ಚಕ್ಕುಲಿಗಳು ನೆಲದಲ್ಲಿ ಉರುಳಿದವು. ಯಾರೂ ನಗಲಿಲ್ಲ. ಅದೇ ಭಯಂಕರ!

"ತಪ್ಪು ನನ್ನದು" ಎಂದು ಮುಂದೆ ಬಂದು ಹೇಳಿದೆ. ಆಮ್ಲ, ಬಿಸಿ, ಸರಪಳಿ ಎಲ್ಲ ಒದರಿದೆ. "ಮಾವನಿಗೆ ಇಷ್ಟ ಇಲ್ಲದ್ದಲ್ಲ. ಮುಂಡು ಹರಿದೀತು ಅಂತ ನಾನೇ ನಿಲ್ಲಿಸಿದ್ದು."

ಹುಡುಗನ ತಾಯಿ ಒಮ್ಮೆ ಹೊದಿಕೆಯನ್ನು, ಒಮ್ಮೆ ನನ್ನನ್ನು ನೋಡಿದರು. "ಹುಡುಗಿಯನ್ನು ನಾವು ಒಪ್ಪಿದ್ದೇವೆ. ಆದರೆ ನಮ್ಮದೊಂದು ಷರತ್ತು ಉಂಟು."

ಶೈಲೇಶ್ ಗೋಡೆ ಹಿಡಿದುಕೊಂಡರು. "ಎಂತ ಷರತ್ತು?" ಎಂದರು ಮಾವ.

"ಮದುವೆ ಮುಗಿಯುವವರೆಗೆ ನಿಮ್ಮ ಸೊಸೆ ನಮ್ಮ ಕಡೆಯ ಯಾರ ಬಟ್ಟೆಯನ್ನೂ ಮುಟ್ಟಬಾರದು!"